ಒಂದು ಇಂಚು ನಲವತ್ತು ಸೆಂಟು

2024ರ ಜುಲೈ 30ರ ಬೆಳಿಗ್ಗೆ ನಮ್ಮ ಮನೆಯಲ್ಲಿ ಟೀವಿ ಬೇಗನೇ ಹಾಕಿದ್ದರು. ಕೇರಳದ ವಯನಾಡಿನ ಮುಂಡಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಿತ್ತು. ಕೆಸರು, ಬಂಡೆ, ಬುಡಮೇಲಾದ ಮರಗಳು, ಅವುಗಳ ನಡುವೆ ಒಂದು ಶಾಲೆಯ ಕಟ್ಟಡ ಮತ್ತೆ ಮತ್ತೆ ಕಾಣಿಸುತ್ತಿತ್ತು. ಹೊರಗೆ ನಮ್ಮಲ್ಲೂ ಬಿಡದೆ ಸುರಿಯುತ್ತಿತ್ತು. ಎರಡು ದಿನಕ್ಕೆಂದು ಬಂದು ಮಳೆಯಿಂದಾಗಿ ವಾರ ಉಳಿದಿದ್ದ ಚಿಕ್ಕಮ್ಮ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತು, "ಪಾಪ, ದೊಡ್ಡವರ ಗತಿ ಏನೋ. ಮಕ್ಕಳಾದರೆ ಹೇಗೋ ಬೇಗ ಮರೀತಾವೆ" ಅಂದರು. ನಾನು ಉತ್ತರ ಕೊಡದೆ ಎದ್ದು ಒಳಗೆ ಹೋದೆ. ಚಿಕ್ಕಮ್ಮನ ಮೇಲೆ ಸಿಟ್ಟು ಬಂದಿದ್ದಕ್ಕಲ್ಲ. 2018ರ ಆಗಸ್ಟಿನಲ್ಲಿ ಅದೇ ಮಾತನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೆ ಅನ್ನುವುದು ನೆನಪಾಯಿತು.

ಆ ಆಗಸ್ಟಿನ ಬಗ್ಗೆ ಕೊಡಗಿನವರಿಗೆ ವಿವರಿಸಬೇಕಾಗಿಲ್ಲ, ಹೊರಗಿನವರೂ ಮರೆತಿರಲಾರರು. ಮಳೆಗೆ ಗುಡ್ಡ ಕುಸಿದ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆ ಅಂದರೆ ಸಾಕು. ನಾನಾಗ ಮಡಿಕೇರಿ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ನನ್ನನ್ನು ಒಂದು ಪರಿಹಾರ ಕೇಂದ್ರದ ಡ್ಯೂಟಿಗೆ ಹಾಕಿದ್ದರು. ದೊಡ್ಡ ಹಾಲು, ನೆಲಕ್ಕೆ ಜಮಖಾನ, ಒಂದು ಮೂಲೆಯಲ್ಲಿ ದಾನಿಗಳು ಕಳಿಸಿದ ಕಂಬಳಿಗಳ ರಾಶಿ, ಇನ್ನೊಂದು ಮೂಲೆಯಲ್ಲಿ ಬಿಸ್ಕತ್ತಿನ ಪೆಟ್ಟಿಗೆಗಳು. ಮೊದಲ ದಿನ ಮಕ್ಕಳೆಲ್ಲ ಅಮ್ಮಂದಿರ ಸೆರಗು ಹಿಡಿದು ಕೂತಿದ್ದವು. ಎರಡನೇ ದಿನವೇ ಓಡಾಡತೊಡಗಿದವು. ಮೂರನೇ ದಿನ ಆಟ ಶುರು. "ನೋಡಿ, ಮಕ್ಕಳು ಅಂದ್ರೆ ಹೀಗೆ" ಅಂತ ನಾವು ದೊಡ್ಡವರು ಒಬ್ಬರಿಗೊಬ್ಬರು ಹೇಳಿಕೊಂಡು ಸಮಾಧಾನ ಪಟ್ಟೆವು. ನಮಗೂ ಸಮಾಧಾನ ಬೇಕಿತ್ತಲ್ಲ.

ಅವು ಏನು ಆಡುತ್ತಿವೆ ಅಂತ ನಾನು ಹತ್ತಿರ ಹೋಗಿ ನೋಡಿದ್ದು ನಾಲ್ಕನೇ ದಿನ. ಒಬ್ಬ ಚಿಕ್ಕವನು ಗೋಡೆಯ ಬುಡದಲ್ಲಿ ಮಲಗುತ್ತಿದ್ದ. ಉಳಿದವರು ಕಂಬಳಿ ರಾಶಿಯ ಮೇಲೆ ಹತ್ತಿ "ಬಂತು ಬಂತು" ಅಂತ ಕೂಗಿ ರಾಶಿಯನ್ನೆಲ್ಲ ಅವನ ಮೇಲೆ ಜಾರಿಸುತ್ತಿದ್ದರು. ಆಮೇಲೆ ಎಲ್ಲರೂ ಸೇರಿ ಅವನ ಕಾಲು ಹಿಡಿದು ಎಳೆಯುವುದು. ಮತ್ತೆ ಕಂಬಳಿ ಪೇರಿಸುವುದು, ಮತ್ತೆ ಅವನು ಮಲಗುವುದು. ಹದಿನೈದು ನಿಮಿಷ ನೋಡಿದೆ, ಆಟ ಒಂದಿಷ್ಟೂ ಬದಲಾಗಲಿಲ್ಲ. ಯಾರೂ ನಗುತ್ತಿರಲಿಲ್ಲ. ನಾನು ಹೋಗಿ ಗದರಿ, ಕಂಬಳಿ ಮಡಿಸಿ ಕಟ್ಟಿಟ್ಟೆ. ಕ್ಯಾಂಪಿನ ವಸ್ತು ಹಾಳಾಗುತ್ತದೆ ಅನ್ನುವುದು ನೆಪ. ನಿಜವಾಗಿ ನನಗೇ ನೋಡಲಾಗಲಿಲ್ಲ.

ಇಂಥ ಆಟಕ್ಕೆ ಮನೋವೈದ್ಯರಲ್ಲಿ ಆಘಾತೋತ್ತರ ಆಟ ಅಂತ ಹೆಸರೇ ಇದೆ ಎಂದು ಗೊತ್ತಾದದ್ದು ತುಂಬಾ ಆಮೇಲೆ. 1976ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲ ಎಂಬ ಊರಲ್ಲಿ ಶಾಲೆಯ ಬಸ್ಸನ್ನು ಅಪಹರಿಸಿ, 26 ಮಕ್ಕಳನ್ನೂ ಡ್ರೈವರನ್ನೂ ನೆಲದಡಿ ಹೂತಿಟ್ಟಿದ್ದ ಒಂದು ವಾಹನದೊಳಗೆ ಇಳಿಸಿ ಮುಚ್ಚಿದ್ದರು. ಹದಿನಾರು ಗಂಟೆಗಳಾದ ಮೇಲೆ ಅವರೇ ದಾರಿ ಮಾಡಿಕೊಂಡು ಹೊರಬಂದರು. ಮೈಮೇಲೆ ದೊಡ್ಡ ಗಾಯವಿಲ್ಲ, ಮಕ್ಕಳು ಚೆನ್ನಾಗಿದ್ದಾರೆ ಅಂದುಕೊಂಡು ಊರೆಲ್ಲ ಸಂಭ್ರಮಿಸಿತು. ಲೆನೋರ್ ಟೆರ್ ಎಂಬ ಮನೋವೈದ್ಯೆ ಮಾತ್ರ ಆ ಮಕ್ಕಳ ಜೊತೆ ಕೂತು ಮಾತಾಡಿದರು, ನಾಲ್ಕೈದು ವರ್ಷ ಬಿಟ್ಟು ಮತ್ತೆ ಹೋಗಿ ಮಾತಾಡಿಸಿದರು. ಆಗಲೂ ಆ ಘಟನೆಯ ಗುರುತು ಇಲ್ಲದ ಒಂದು ಮಗುವೂ ಅವರಿಗೆ ಸಿಗಲಿಲ್ಲ. ನಾನು ಕಂಬಳಿ ರಾಶಿಯ ಹತ್ತಿರ ಕಂಡಿದ್ದನ್ನೇ ಅವರು ಬರೆದಿದ್ದಾರೆ: ಒಂದೇ ಆಟ, ಅದೇ ಕ್ರಮ, ಎಷ್ಟು ಆಡಿದರೂ ಹಗುರವಾಗದ ಮುಖ.

ಮೈಕು

ಈಗ ಹೇಳಹೊರಟಿದ್ದು ನನ್ನ ತಪ್ಪಿನ ಕಥೆ. ಕ್ಯಾಂಪಿಗೆ ದಿನಾ ಯಾರಾದರೂ ಬರುತ್ತಿದ್ದರು. ಬ್ಯಾಗು, ನೋಟ್‌ಬುಕ್ಕು, ಸ್ವೆಟರ್ರು ಹಂಚುತ್ತಿದ್ದರು. ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಬಂದವರಲ್ಲಿ ಅರ್ಧ ಜನ ಮಕ್ಕಳ ಕೈಗೆ ಕ್ರೇಯಾನು ಕೊಟ್ಟು "ಏನಾಯ್ತೋ ಅದನ್ನ ಬಿಡಿಸಿ ಪುಟ್ಟಾ" ಅನ್ನುತ್ತಿದ್ದರು. ಮಕ್ಕಳಿಗೆ ಎರಡೇ ದಿನದಲ್ಲಿ ಗೊತ್ತಾಯಿತು, ಬಂದವರಿಗೆ ಎಂಥ ಚಿತ್ರ ಬೇಕು ಅಂತ. ಗುಡ್ಡ, ಒಡೆದ ಮನೆ, ಕಂದು ಬಣ್ಣ. ಅಂಥದ್ದನ್ನು ಬಿಡಿಸಿದವರ ಫೋಟೋ ತೆಗೆಯುತ್ತಿದ್ದರು, ಹೂವು ಬಿಡಿಸಿದವರನ್ನು ಯಾರೂ ಕೇಳುತ್ತಿರಲಿಲ್ಲ.

ಒಂದು ಸಂಜೆ ಬ್ಯಾಗು ಹಂಚುವವರು ಸಣ್ಣ ಕಾರ್ಯಕ್ರಮ ಇಟ್ಟುಕೊಂಡರು. ಒಬ್ಬ ಹುಡುಗನ ಕೈಲಿ ಎರಡು ಮಾತು ಹೇಳಿಸಿ ಟೀಚರ್ ಅಂದರು. ನನಗೆ ತಕ್ಷಣ ಹೊಳೆದದ್ದು ಆರನೇ ಕ್ಲಾಸಿನ ಒಬ್ಬ ಹುಡುಗ. ಪ್ರತಿಭಾ ಕಾರಂಜಿಯಲ್ಲಿ ಭಾಷಣ ಮಾಡಿದವನು, ದನಿ ಗಟ್ಟಿ. ಅವನ ಮನೆ ಹೋಗಿತ್ತು, ಕೊಟ್ಟಿಗೆಯ ಹಸುಗಳು ಹೋಗಿದ್ದವು, ಪಕ್ಕದ ಮನೆಯ ಅಜ್ಜ ಸಿಕ್ಕಿರಲಿಲ್ಲ. ಒಲ್ಲೆ ಅನ್ನಲಿಲ್ಲ ಅವನು. ಟೀಚರ್ ಹೇಳಿದ ಮೇಲೆ ಯಾವ ಹುಡುಗ ಒಲ್ಲೆ ಅಂತಾನೆ? ಮೈಕು ಹಿಡಿದು ತನ್ನ ಹೆಸರು, ತರಗತಿ, ಊರು ಹೇಳಿದ. ಆಮೇಲೆ "ರಾತ್ರಿ ಗುಡ್ಡ ಬಂತು" ಅಂದ. ಅಲ್ಲಿಗೆ ನಿಂತುಹೋಯಿತು. ಬಾಯಿ ತೆರೆದೇ ಇತ್ತು, ಮೈಕಿನಲ್ಲಿ ಉಸಿರಿನ ಸದ್ದು ಮಾತ್ರ ಇಡೀ ಹಾಲಿಗೆ ಕೇಳಿಸುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅವತ್ತು ರಾತ್ರಿಯಿಂದ ಅವನು ಹಾಸಿಗೆಯಲ್ಲಿ ಉಚ್ಚೆ ಹೊಯ್ಯತೊಡಗಿದ. ಹನ್ನೊಂದು ವರ್ಷದ ಹುಡುಗ. ಬೇರೆಯವರು ಏಳುವ ಮುಂಚೆ ಅವನ ಅಜ್ಜಿ ಚಾಪೆ ತೊಳೆದು ಹಾಲಿನ ಹಿಂದೆ ಒಣಗಲು ಹಾಕುತ್ತಿದ್ದರು. ಆ ಮಳೆಯಲ್ಲಿ ಅದೆಲ್ಲಿ ಒಣಗಬೇಕು. ಮಾತು ತೀರಾ ಕಮ್ಮಿಯಾಯಿತು. ಅಜ್ಜಿ ಹೆದರಿಕೆ ಹತ್ತಿದೆ ಅಂತ ನೂಲು ಕಟ್ಟಿಸಿಕೊಂಡು ಬಂದರು. ಇದನ್ನು ಕೇಳಿ ನಗುವವರು ನಗಲಿ. ಆ ಕ್ಯಾಂಪಿನಲ್ಲಿ ಆ ಹುಡುಗನಿಗೆ ಏನೋ ಆಗಿದೆ ಅಂತ ಒಪ್ಪಿಕೊಂಡು ಏನಾದರೂ ಮಾಡಿದ್ದು ಆ ಅಜ್ಜಿ ಒಬ್ಬರೇ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಡೆಯಿಂದ ಒಬ್ಬರು ಕೌನ್ಸೆಲರ್ ಬರುತ್ತಿದ್ದರು. (ದೇಶವಿಡೀ ಇರುವ ಈ ಕಾರ್ಯಕ್ರಮದ ಮಾದರಿ ಹುಟ್ಟಿದ್ದು ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್‌ನವರ ಕೈಯಲ್ಲಿ. ನಮ್ಮವರಿಗೇ ಇದು ಗೊತ್ತಿರುವುದಿಲ್ಲ.) ಮೈಕಿನ ವಿಷಯವನ್ನು ನಾನೇ ಅವರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೈಯಲಿಲ್ಲ. "ಮೇಡಂ, ಮಗು ಹೇಳಬಾರದು ಅಂತಲ್ಲ. ಯಾರಿಗೆ, ಯಾವಾಗ, ಎಷ್ಟು ಅನ್ನೋದು ಅದರ ಕೈಲಿರಬೇಕು" ಅಂದರು. ದುರಂತ ನಡೆದ ಕೂಡಲೇ ಕೂರಿಸಿ ಒಂದೇ ಸಲಕ್ಕೆ ಎಲ್ಲ ಹೊರಹಾಕಿಸುವ ಪದ್ಧತಿ ಹಿಂದೆ ಇತ್ತಂತೆ. ಅದರಿಂದ ಉಪಯೋಗವಿಲ್ಲ, ಕೆಲವರಿಗೆ ತೊಂದರೆಯೇ ಆದೀತು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಬೇಡ ಅಂದಿದೆ. ಮೊದಲ ವಾರಗಳಲ್ಲಿ ಬೇಕಾದದ್ದು ಊಟ, ನಿದ್ದೆ, ತನ್ನವರು ಕಣ್ಣೆದುರು ಇರುವುದು, ನಾಳೆ ಏನು ಅಂತ ಗೊತ್ತಿರುವುದು. ಹೆಚ್ಚಿನ ಮಕ್ಕಳು ಅಷ್ಟರಿಂದಲೇ ತಿಂಗಳೊಳಗೆ ಸುಧಾರಿಸುತ್ತಾರೆ. ತಿಂಗಳು ದಾಟಿಯೂ ನಿದ್ದೆ, ಓದು, ಆಟ ಹಳಿಗೆ ಬರದಿದ್ದರೆ ಮಾತ್ರ ಪಳಗಿದ ಕೈ ಬೇಕು.

ಮದ್ದುಸೊಪ್ಪು

ಆ ಹುಡುಗನಿಗೆ ತಿಂಗಳಲ್ಲ, ವರ್ಷವಾದರೂ ಹಳಿಗೆ ಬರಲಿಲ್ಲ. ಬಾಡಿಗೆ ಮನೆ ಸಿಕ್ಕಿತು, ಶಾಲೆ ಶುರುವಾಯಿತು, ಬೇಸಿಗೆಯಲ್ಲಿ ಚೆನ್ನಾಗೇ ಇದ್ದ. 2019ರ ಜೂನ್‌ನಲ್ಲಿ ಮಳೆ ಹಿಡಿದದ್ದೇ ತಡ, ಎಲ್ಲ ಮೊದಲಿನಿಂದ. ನಮ್ಮ ಶಾಲೆಯ ಎರಡು ಕೋಣೆಗೆ ಜಿಂಕ್ ಶೀಟು. ಅದರ ಮೇಲೆ ಮಳೆ ಜೋರಾದರೆ ಪಾಠ ಯಾರಿಗೂ ಕೇಳಿಸುವುದಿಲ್ಲ, ಉಳಿದ ಮಕ್ಕಳಿಗೆ ಅದೇ ಖುಷಿ. ಇವನು ಡೆಸ್ಕಿನ ಅಂಚು ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಿದ್ದ. ಹೊಟ್ಟೆನೋವು ಟೀಚರ್, ತಲೆನೋವು ಟೀಚರ್. ಡಿಸಿ ಮಳೆ ರಜೆ ಕೊಟ್ಟರೆ ಊರ ಮಕ್ಕಳೆಲ್ಲ ಕುಣಿಯುತ್ತಾರೆ. ಇವನಿಗೆ ರಜೆ ಅಂದರೆ ಇನ್ನೂ ಭಯ, ಅಪ್ಪ ಅಮ್ಮ ತೋಟಕ್ಕೆ ಹೋದ ಮೇಲೆ ಮನೆಯಲ್ಲಿ ಮಳೆಯ ಜೊತೆ ಒಬ್ಬನೇ.

ಕೌನ್ಸೆಲರ್ ಹದಿನೈದು ದಿನಕ್ಕೊಮ್ಮೆ ಅವನನ್ನು ನೋಡತೊಡಗಿದರು. ಅವರು ಮಾಡುತ್ತಿದ್ದ ಮಾತಿನ ಚಿಕಿತ್ಸೆಗೆ ಟ್ರಾಮಾ ಫೋಕಸ್ಡ್ ಸಿಬಿಟಿ ಅಂತ ಹೆಸರು. ಅದನ್ನು ಕಟ್ಟಿದವರು ಜೂಡಿತ್ ಕೋಹೆನ್, ಆಂಟನಿ ಮ್ಯಾನರಿನೊ, ಎಸ್ತರ್ ಡೆಬ್ಲಿಂಗರ್. ಮಕ್ಕಳ ಆಘಾತಕ್ಕೆ ಇವತ್ತು ಹೆಚ್ಚು ಪುರಾವೆ ಇರುವ ಚಿಕಿತ್ಸೆಗಳಲ್ಲಿ ಇದೂ ಒಂದು. ಸಾಮಾನ್ಯವಾಗಿ 12ರಿಂದ 16 ಭೇಟಿ. ಮೊದಲು ಮೈಯನ್ನು ಸಮಾಧಾನಕ್ಕೆ ತರುವುದು, ಉಸಿರು, ಭಯಕ್ಕೆ ಒಂದು ಹೆಸರಿಡುವುದು. ಆಮೇಲೆ ಮಗು ತನ್ನದೇ ವೇಗದಲ್ಲಿ ತುಣುಕು ತುಣುಕಾಗಿ ಕಥೆ ಕಟ್ಟುವುದು, ಕೊನೆಗೆ ಅದನ್ನು ತಾಯಿಯೋ ತಂದೆಯೋ ಕೂತು ಕೇಳುವುದು. ಕಾಗದದ ಮೇಲೆ ಸುಂದರ. ನಮ್ಮಲ್ಲಿ ಒಂದೊಂದು ಭೇಟಿಗೂ ಅಮ್ಮನಿಗೆ ಒಂದು ದಿನದ ಕೂಲಿ ಹೋಗುತ್ತಿತ್ತು, ಮಳೆಗಾಲದಲ್ಲಿ ಬಸ್ಸೂ ನೆಚ್ಚಿಕೆಯದಲ್ಲ. ಹದಿನಾರು ಆಗಲಿಲ್ಲ, ಒಂಬತ್ತಾಯಿತು. ಮೊದಲ ಎರಡರಲ್ಲಿ ಅವರು ಹೆಚ್ಚು ಮಾತಾಡಿದ್ದು ಹುಡುಗನ ಜೊತೆಯಲ್ಲ, ಅಮ್ಮನ ಜೊತೆ. ಆಕೆ ಒಂದು ವರ್ಷದಿಂದ ರಾತ್ರಿ ಎರಡು ಗಂಟೆಗೂ ಹೆಚ್ಚು ನಿದ್ದೆ ಮಾಡಿರಲಿಲ್ಲ.

ಐದನೆಯದೋ ಆರನೆಯದೋ ಭೇಟಿಯಲ್ಲಿ ಹುಡುಗ ಬಾಯಿಬಿಟ್ಟ. ಅಮ್ಮನೇ ಆಮೇಲೆ ಬಂದು ನನ್ನ ಹತ್ತಿರ ಹೇಳಿ ಅತ್ತಳು. ಕಕ್ಕಡ ಹದಿನೆಂಟು ಗೊತ್ತಲ್ಲ, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ ಮೂರಕ್ಕೆ ಬರುತ್ತದೆ. ಅವತ್ತು ಮದ್ದುಸೊಪ್ಪಿನ ರಸ ಹಾಕಿ ಪಾಯಸ ಮಾಡುತ್ತಾರೆ, ನೇರಳೆ ಬಣ್ಣದ್ದು. ಹದಿನೆಂಟು ಬಗೆಯ ಔಷಧಿ ಆ ಸೊಪ್ಪಿಗೆ ಇಳಿದಿರುತ್ತದೆ ಅನ್ನುತ್ತಾರೆ. ತಿಂದರೆ ವರ್ಷವಿಡೀ ಕಾಯಿಲೆ ಕಸಾಲೆ ಇಲ್ಲ. ಮಾರನೇ ದಿನ ಉಚ್ಚೆ ಕೆಂಪಾಗುತ್ತದೆ, ಶಾಲೆಯಲ್ಲಿ ಹುಡುಗರಿಗೆ ಅದೇ ದೊಡ್ಡ ತಮಾಷೆ. 2018ರಲ್ಲಿ ಇವನಿಗೆ ಆ ವಾಸನೆ ಆಗದೆ ತನ್ನ ಪಾಲನ್ನು ಯಾರಿಗೂ ಕಾಣದ ಹಾಗೆ ಹಿತ್ತಿಲಿಗೆ ಚೆಲ್ಲಿದ್ದ. ಎರಡು ವಾರಕ್ಕೆ ಗುಡ್ಡ ಬಂತು. ಅದೂ ಹಿತ್ತಿಲ ಕಡೆಯಿಂದಲೇ ಬಂತು. ಒಂದು ವರ್ಷ ಆ ಮಗು ಇದನ್ನು ಒಬ್ಬನೇ ಹೊತ್ತುಕೊಂಡಿತ್ತು. ಚೌಚಿಲ್ಲದ ಮಕ್ಕಳೂ ಹೀಗೇ ಹಿಂದೆ ಹೋಗಿ ಹುಡುಕಿದ್ದರು, ಅವತ್ತು ತಾವು ಮಾಡಿದ ಯಾವುದೋ ಸಣ್ಣ ಕೆಲಸದಲ್ಲಿ ಅಪಶಕುನವನ್ನು. ಕಾರಣವೇ ಇಲ್ಲದೆ ಗುಡ್ಡ ಬಂದು ಮನೆಯ ಮೇಲೆ ಬೀಳುತ್ತದೆ ಅನ್ನುವುದಕ್ಕಿಂತ ನನ್ನಿಂದ ಬಿತ್ತು ಅನ್ನುವುದು ಮಗುವಿಗೆ ಎಷ್ಟೋ ವಾಸಿ ಅನಿಸುತ್ತದೋ ಏನೋ.

ಏನೂ ಆಗಲ್ಲ

ಮಳೆ ಜೋರಾದಾಗಲೆಲ್ಲ ಅವನು ನನ್ನ ಟೇಬಲ್ಲಿನ ಹತ್ತಿರ ಬಂದು ನಿಲ್ಲುತ್ತಿದ್ದ. "ಇನ್ನೂ ಎಷ್ಟು ಬರುತ್ತೆ ಟೀಚರ್?" ನಾನು ಭುಜ ತಟ್ಟಿ "ಏನೂ ಆಗಲ್ಲ ಕಣೋ, ಹೋಗಿ ಕೂತ್ಕೋ" ಅನ್ನುತ್ತಿದ್ದೆ. ಅವನು ಕೂತು, ಐದು ನಿಮಿಷಕ್ಕೆ ಮತ್ತೆ ಬರುತ್ತಿದ್ದ. ಇದನ್ನು ಕೌನ್ಸೆಲರ್ ಹತ್ತಿರ ಹೇಳಿದಾಗ ಅವರು ಕೇಳಿದರು: "ಆವತ್ತು ರಾತ್ರಿ ಅವನಿಗೆ ಮನೆಯಲ್ಲಿ ಏನು ಹೇಳಿ ಮಲಗಿಸಿದ್ದರು, ಗೊತ್ತಾ?" ಗೊತ್ತಿತ್ತು. ಅವನ ಅಪ್ಪನೇ ಹೇಳಿದ್ದ. ಏನೂ ಆಗಲ್ಲ, ಮಲಕ್ಕೋ.

ಅವತ್ತಿನಿಂದ ಆ ಎರಡು ಪದ ನನ್ನ ಬಾಯಿಂದ ಬರುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ನಾವು ಮಕ್ಕಳನ್ನು ಸಮಾಧಾನ ಮಾಡುವುದೇ ಆ ಪದಗಳಿಂದ, ಲಸಿಕೆ ಹಾಕಿಸುವಾಗ, ನಾಯಿ ಬೊಗಳುವಾಗ, ಗುಡುಗುವಾಗ. ಉಳಿದ ಮಕ್ಕಳಿಗೆ ಅದು ನಡೆಯುತ್ತದೆ. ಒಮ್ಮೆ ಏನೋ ಆಗಿಬಿಟ್ಟ ಮಗುವಿಗೆ ಮಾತ್ರ ಅದು ದೊಡ್ಡವರು ಸುಳ್ಳು ಹೇಳುವ ಮುಂಚೆ ಹೇಳುವ ಮಾತು. ಅವನು ನನ್ನ ಹತ್ತಿರ ಕೇಳುತ್ತಿದ್ದದ್ದು ಸಮಾಧಾನವನ್ನಲ್ಲ, ಲೆಕ್ಕ. ಎಷ್ಟು ಬರುತ್ತೆ ಅಂತ ತಾನೇ ಕೇಳುತ್ತಿದ್ದದ್ದು? ಅಷ್ಟು ದಿನ ನನ್ನ ಕಿವಿಗೆ ಆ "ಎಷ್ಟು" ಬಿದ್ದೇ ಇರಲಿಲ್ಲ.

ಕೊಡಗಿನಲ್ಲಿ ಮಳೆಯ ಲೆಕ್ಕಕ್ಕೇನು ಬರ. ಕಾಫಿ ತೋಟದವರು ಒಬ್ಬರಿಗೊಬ್ಬರು ಸಿಕ್ಕರೆ ಮೊದಲು ಕೇಳುವುದೇ ನಿಮ್ಮಲ್ಲೆಷ್ಟು ಅಂತ. ಮಿಲಿಮೀಟರು ಟೀವಿಯವರಿಗೆ, ನಮ್ಮದು ಇನ್ನೂ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು. ಪರಿಚಯದ ಒಂದು ತೋಟದ ರೈಟರು ಹಳೆಯ ಮಳೆಮಾಪಕ ಒಂದನ್ನು ಕೊಟ್ಟರು. ತಗಡಿನ ಡಬ್ಬಿ, ಮೇಲೆ ಆಲಿಕೆ, ಒಳಗೆ ಬಾಟಲಿ, ಅಳೆಯಲು ಗೀಟು ಹಾಕಿದ ಗಾಜಿನ ಗ್ಲಾಸು. ಧ್ವಜಕಂಬದ ಆಚೆ, ಮರದ ನೀರು ತೊಟ್ಟಿಕ್ಕದ ಜಾಗ ನೋಡಿ ಹೂತೆವು. ನಮ್ಮ ಹುಡುಗ ಮಳೆ ಗುಮಾಸ್ತ. ಕೌನ್ಸೆಲರ್ ಒಂದೇ ಷರತ್ತು ಹಾಕಿದ್ದರು: ದಿನಕ್ಕೆ ಒಂದೇ ಸಲ, ಶಾಲೆಗೆ ಬಂದ ಕೂಡಲೇ. ಪೀರಿಯಡ್ಡಿಗೊಮ್ಮೆ ಓಡಿಹೋಗಿ ನೋಡಲು ಬಿಟ್ಟರೆ ಅದೇ ಇನ್ನೊಂದು ರೋಗವಾದೀತು ಅಂತ. ಮೊದಲ ವಾರ ಅವನನ್ನು ಹಿಡಿದು ಕೂರಿಸುವುದೇ ಕಷ್ಟವಾಯಿತು. ಕಿಟಕಿಯಿಂದ ಡಬ್ಬಿ ಕಾಣುತ್ತಿತ್ತು ನೋಡಿ, ಅದು ನನ್ನ ಬುದ್ಧಿಗೇಡಿತನ.

ಗ್ಲಾಸನ್ನು ಅವನು ಹಿಡಿಯುತ್ತಿದ್ದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಎಡಗೈ ಬೆರಳುಗಳಲ್ಲಿ ಎತ್ತಿ, ಒಂದು ಕಣ್ಣು ಮುಚ್ಚಿ, ನೀರಿನ ಮಟ್ಟಕ್ಕೆ ಮೂಗು ತಂದು, ಉಸಿರು ಬಿಗಿಹಿಡಿದು. ಅದೇ ಉಸಿರು, ಮೈಕಿನಲ್ಲಿ ಕೇಳಿಸಿದ್ದು. ಆಮೇಲೆ ಬೋರ್ಡಿನ ಮೂಲೆಯಲ್ಲಿ ಬರೆಯುವುದು. ಒಂದು ಇಂಚು ನಲವತ್ತು ಸೆಂಟು. ಬರೆದ ಮೇಲೆ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲುತ್ತಿದ್ದ. ತಿಂಗಳ ಹೊತ್ತಿಗೆ ಅವನಿಗೆ ಒಂದು ವಿಷಯ ತಾನಾಗಿ ತಿಳಿಯಿತು: ಶೀಟಿನ ಮೇಲೆ ಸದ್ದು ಜಾಸ್ತಿಯಾದ ದಿನವೆಲ್ಲ ಇಂಚು ಜಾಸ್ತಿ ಇರುವುದಿಲ್ಲ. ಇದನ್ನು ನನಗೆ ಹೇಳಲು ಓಡಿ ಬಂದ. ಇಂಚು ನೋಡಿ ಗುಡ್ಡದ ಭವಿಷ್ಯ ಹೇಳಲಾಗದು, ಅದು ನನಗೂ ಗೊತ್ತು. ಇಳಿಜಾರು, ಮಣ್ಣು, ರಸ್ತೆಗೆಂದು ಮನೆಗೆಂದು ನಾವು ಕಡಿದ ಬುಡ, ಎಲ್ಲ ಸೇರುತ್ತದೆ. ಅದನ್ನೂ ಅವನಿಗೆ ಹೇಳಿದೆ. ಹೇಳದಿದ್ದರೆ ಅದೂ ಇನ್ನೊಂದು "ಏನೂ ಆಗಲ್ಲ" ಆಗುತ್ತಿತ್ತು.

ದೊಡ್ಡವಳ ಹಾಗೆ

ಒಬ್ಬ ಹುಡುಗಿಯ ವಿಷಯ ಬರೆಯದಿದ್ದರೆ ಇದು ಅರ್ಧ ಸತ್ಯ. ಒಂಬತ್ತನೇ ಕ್ಲಾಸು. ಆ ರಾತ್ರಿ ತಮ್ಮನನ್ನು ಬೆನ್ನಿಗೆ ಹಾಕಿಕೊಂಡು ಕಾಫಿ ತೋಟದ ಮಧ್ಯೆ ನಡೆದು ಬಂದವಳು. ಕ್ಯಾಂಪಿನಲ್ಲಿ ಅವಳು ಅತ್ತಿದ್ದನ್ನು ಯಾರೂ ನೋಡಲಿಲ್ಲ. ಬಡಿಸಲು ಬರುತ್ತಿದ್ದಳು, ಅರ್ಜಿ ತುಂಬಿಕೊಡುತ್ತಿದ್ದಳು, ಅಮ್ಮನಿಗೆ ಬಿಪಿ ಮಾತ್ರೆ ನೆನಪಿಸುತ್ತಿದ್ದಳು. "ಎಷ್ಟು ಧೈರ್ಯ, ದೊಡ್ಡವಳ ಹಾಗೆ" ಅಂತ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಹಾಸಿಗೆ ಒದ್ದೆ ಮಾಡುವ ಹುಡುಗ ನಮ್ಮ ಕಣ್ಣಿಗೆ ಬಿದ್ದ, ಇವಳು ಬೀಳಲಿಲ್ಲ. ಹದಿಹರೆಯದವರಲ್ಲಿ ಎಷ್ಟೋ ಸಲ ಹೀಗೇ. ಕೆಲವರು ಎಗರಾಡುತ್ತಾರೆ, ಕೆಲವರು ಬೈಕ್ ಹತ್ತಿ ಹೋಗುತ್ತಾರೆ, ಇನ್ನು ಕೆಲವರು ಅತಿ ಒಳ್ಳೆಯವರಾಗಿಬಿಡುತ್ತಾರೆ.

ಅವಳ ಬ್ಯಾಗು ಭಾರ ಇರುವುದನ್ನು ನಾನು ಗಮನಿಸಿದ್ದು ಮುಂದಿನ ವರ್ಷ, ಬೆಂಚಿನಿಂದ ಕೆಳಗೆ ಬಿದ್ದಾಗ. ಪುಸ್ತಕಗಳ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಮನೆಯವರೆಲ್ಲರ ಆಧಾರ್, ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು, ಟಾರ್ಚು, ತಮ್ಮನ ಒಂದು ಜೊತೆ ಬಟ್ಟೆ, ಅಮ್ಮನ ಮಾತ್ರೆ. ದಿನಾ ಹೊತ್ತು ತರುತ್ತಿದ್ದಳು, ರಾತ್ರಿ ಬಾಗಿಲ ಹತ್ತಿರ ಇಟ್ಟು ಮಲಗುತ್ತಿದ್ದಳು. ನಾನು ಏನೂ ಕೇಳದೆ ಎಲ್ಲವನ್ನೂ ವಾಪಸ್ ತುಂಬಿಕೊಟ್ಟೆ. ಒಂದು ವಾರ ಬಿಟ್ಟು ಅವಳೇ ಬಂದು, "ಟೀಚರ್, ನನಗೆ ಆ ಆಂಟಿ ಎದುರು ಬಂದ್ರೆ ಓಡಿಹೋಗಬೇಕು ಅನ್ಸುತ್ತೆ" ಅಂದಳು. ಪಕ್ಕದ ಮನೆಯವರು. ಇವಳ ಓರಗೆಯ ಮಗಳನ್ನು ಕಳೆದುಕೊಂಡವರು.

1966ರ ಅಕ್ಟೋಬರ್ 21ರಂದು ವೇಲ್ಸ್‌ನ ಆಬರ್‌ಫಾನ್ ಎಂಬ ಹಳ್ಳಿಯಲ್ಲಿ, ಮಳೆಯಲ್ಲಿ ನೆನೆದ ಕಲ್ಲಿದ್ದಲ ಗಣಿಯ ಕಸದ ಗುಡ್ಡ ಜಾರಿ ಶಾಲೆಯ ಮೇಲೆ ಬಿತ್ತು. 116 ಮಕ್ಕಳು, 28 ದೊಡ್ಡವರು ಸತ್ತರು. ಉಳಿದ ಮಕ್ಕಳು ಬೀದಿಯಲ್ಲಿ ಆಡುವುದನ್ನೇ ಬಿಟ್ಟರಂತೆ, ಮಕ್ಕಳನ್ನು ಕಳೆದುಕೊಂಡವರ ಕಣ್ಣಿಗೆ ಬೀಳಬಾರದು ಅಂತ. ಮೋಡ ಕವಿದರೆ ಅವರಿಗೂ ಭಯವಾಗುತ್ತಿತ್ತಂತೆ. 33 ವರ್ಷಗಳ ನಂತರ ಬದುಕುಳಿದ 41 ಮಂದಿಯನ್ನು ಮಾತಾಡಿಸಿದಾಗ 12 ಮಂದಿಗೆ ಆಘಾತೋತ್ತರ ಒತ್ತಡ ಆಗಲೂ ಇತ್ತು. ಆ ಹುಡುಗಿ ಗೋಡೆಯ ಮರೆಗೆ ಸರಿದು ನಿಲ್ಲುವುದನ್ನು ಆಮೇಲೆ ನಾನೇ ಒಮ್ಮೆ ನೋಡಿದೆ. ಆಬರ್‌ಫಾನ್ ಬಗ್ಗೆ ಓದುವಾಗಲೆಲ್ಲ ಆ ಗೋಡೆಯೇ ಕಣ್ಣೆದುರು ಬರುತ್ತದೆ.

ಬ್ಯಾಗು ಬಿಡು ಅಂತ ನಾವು ಹೇಳಲಿಲ್ಲ. ಅವಳ ಅಪ್ಪ ಅಮ್ಮನನ್ನು ಕರೆಸಿ, ಮಳೆ ಜೋರಾದರೆ ಯಾವ ನೆಂಟರ ಮನೆಗೆ, ಯಾವ ದಾರಿಯಲ್ಲಿ, ಯಾರು ಏನು ಹಿಡಿದುಕೊಳ್ಳಬೇಕು ಅಂತ ಅವಳೆದುರೇ ಬರೆಸಿದೆವು. ದಾಖಲೆಗಳು ಅಪ್ಪನ ಜವಾಬ್ದಾರಿ, ಮಾತ್ರೆ ಅಮ್ಮನದು. ಅವಳ ಪಾಲಿಗೆ ಅವಳ ಬಟ್ಟೆ ಮಾತ್ರ. 2019ರ ಆಗಸ್ಟಿನಲ್ಲಿ ಮಳೆ ಮತ್ತೆ ಹುಚ್ಚೆದ್ದಿತಲ್ಲ, ವಿರಾಜಪೇಟೆ ಕಡೆ ತೋರದಲ್ಲಿ ಗುಡ್ಡ ಬಿತ್ತಲ್ಲ, ಆವಾಗ ಆ ಮನೆಯವರು ಯಾರೂ ಹೇಳುವ ಮುಂಚೆಯೇ ನೆಂಟರ ಮನೆಯಲ್ಲಿದ್ದರು. ದಾಖಲೆಗಳನ್ನು ಅಪ್ಪ ಮರೆತಿದ್ದರಂತೆ! ಅವಳು ನಗುತ್ತಾ ಹೇಳಿದಳು. ಆಂಟಿಯ ವಿಷಯ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಮುಗಿದಿದೆ ಅಂತ ಈಗಲೂ ನಾನು ಹೇಳಲಾರೆ. ಈಗಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಒಂದು ಫೋನ್ ಮಾಡು ಅಂತಾದರೂ ಹೇಳಬಹುದಿತ್ತು. ಅದು ಬಂದದ್ದು 2022ರಲ್ಲಿ.

ಇನ್ನು ಆ ಜುಲೈ 30ರ ಬೆಳಿಗ್ಗೆ. ಒಳಗೆ ಹೋದವಳು ಸುಮ್ಮನೆ ಪಾತ್ರೆ ತೊಳೆಯುತ್ತಾ ನಿಂತಿದ್ದೆ. ಒಂಬತ್ತರ ಹೊತ್ತಿಗೆ ವಾಟ್ಸಾಪಿನಲ್ಲಿ ಒಂದು ಫೋಟೋ. ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ, ಅದಕ್ಕೆ ಅಂಟಿಸಿದ ಸ್ಕೇಲು, ಹಿಂದೆ ಸರ್ಕಾರ ಕಟ್ಟಿಸಿಕೊಟ್ಟ ಬಡಾವಣೆಯ ಮನೆಯ ಗೋಡೆ. ಹುಡುಗನಿಗೆ ಆಗ ಹದಿನೇಳು. "ಟೀಚರ್, ವಯನಾಡ್ ನೋಡಿದ್ರಾ. ರಾತ್ರಿ ನಿದ್ದೆ ಬರಲಿಲ್ಲ. ನಮ್ಮಲ್ಲಿ ಮೂರು ಇಪ್ಪತ್ತು. ನಿಮ್ಮಲ್ಲೆಷ್ಟು?"

ಶಾಲೆ ಬದಲಾದ ಮೇಲೆ ನಾನು ಅಳೆಯುವುದನ್ನು ಬಿಟ್ಟಿದ್ದೆ. ಹಾಗಂತ ಬರೆದು, ಅಳಿಸಿ, ಹಿತ್ತಿಲಿನಲ್ಲಿ ಬೋರಲು ಬಿದ್ದಿದ್ದ ಒಂದು ಪಾತ್ರೆ ಹುಡುಕಿ ಮಳೆಯಲ್ಲಿ ಇಟ್ಟು ಬಂದೆ. "ನಾಳೆ ಹೇಳ್ತೀನಿ ಕಣೋ" ಅಂತ ಕಳಿಸಿದೆ. "ಬೆಳಿಗ್ಗೆ ಒಂದೇ ಸಲ ನೋಡಬೇಕು, ನೆನಪಿರಲಿ" ಅಂತ ಬಂತು.